ಬಾಡಿ ತಗೊಳ್ಳೋದಾ, ಲೆನ್ಸ್ ತಗೊಳ್ಳೋದಾ?

ತುಮಕೂರು ಕಡೆಯಿಂದಲೋ ಹಾಸನದ ಕಡೆಯಿಂದಲೋ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂದವರಿಗೆ ಗೊರಗುಂಟೆಪಾಳ್ಯ ಗೊತ್ತಿರುತ್ತದೆ. "ಯಾರ್ರೀ ಗೊರಗುಂಟೆಪಾಳ್ಯ, ಬಾಗ್ಲಿಗೆ ಬನ್ನಿ" ಅಂತ ಕಂಡಕ್ಟರ್ ಕೂಗಿದ ಕೂಡಲೇ ಅರ್ಧ ಬಸ್ಸು ಎದ್ದು ನಿಲ್ಲುತ್ತದೆ. ತುಮಕೂರು ರಸ್ತೆಗೆ ರಿಂಗ್ ರೋಡ್ ಸೇರುವ ಜಾಗ ಇದು. ಹೆಬ್ಬಾಳಕ್ಕೆ ಹೋಗುವವರು ಇಲ್ಲೇ ಇಳಿಯುತ್ತಾರೆ, ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರು ಇಲ್ಲೇ ಇಳಿಯುತ್ತಾರೆ. 2017ರಲ್ಲಿ ಈ ಕಡೆಯ ಮೆಟ್ರೊ ಮೆಜೆಸ್ಟಿಕ್ ಮುಟ್ಟಿದ ಮೇಲೆ ಅಲ್ಲಿಗೆ ಹೋಗುವವರೂ ಇಲ್ಲೇ ಇಳಿಯತೊಡಗಿದರು. ನಿದ್ದೆಗಣ್ಣು, ತಲೆಗೆ ಟವೆಲ್, ಕೈಯಲ್ಲಿ ರಾಗಿಹಿಟ್ಟಿನ ಚೀಲ. ಬೆಂಗಳೂರು ಅಂದರೆ ಮೊದಲು ಕಾಣುವುದು ಫ್ಲೈಓವರ್ ಕೆಳಗಿನ ಆ ಟೀ ಗಾಡಿ.

ನಾವು ನಾಲ್ವರು. ಸಿರಾದವಳು, ಕುಣಿಗಲ್‌ನವಳು, ಅರಸೀಕೆರೆಯವನು, ಚಳ್ಳಕೆರೆಯವನು. ಹುಡುಗರ ರೂಮು ಗೊರಗುಂಟೆಪಾಳ್ಯದಲ್ಲಿ, ಹುಡುಗಿಯರ ಪಿಜಿ ಯಶವಂತಪುರದಲ್ಲಿ, ಕ್ಯಾಮೆರಾ ಮಾತ್ರ ನಾಲ್ವರಿಗೂ ಒಂದೇ. ಕ್ಯಾನನ್ 1200ಡಿ, ಅದರ ಜೊತೆಗೇ ಬರುವ 18-55 ಲೆನ್ಸು. ಓದುವಾಗ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ರಬ್ಬರು ಕಿತ್ತು ಬಂದಿದೆ, ಫೆವಿಕ್ವಿಕ್ ಹಾಕಿ ಕೂರಿಸಿದ್ದೇವೆ.

"ನಾನೂ ಒಂದು ಕ್ಯಾಮೆರಾ ತಗೋಬೇಕು, ಯಾವುದು ತಗೊಳ್ಳಲಿ" ಅಂತ ನಿಮ್ಮಲ್ಲಿ ಹಲವರು ನಮ್ಮನ್ನು ಕೇಳುತ್ತಲೇ ಇರುತ್ತೀರಿ. ಜಾತ್ರೆ ಫೋಟೊ ತೆಗೆಯುವವರು, ಊರಿನ ಮದುವೆ ಒಪ್ಪಿಕೊಳ್ಳಬೇಕು ಅಂತಿರುವವರು, ನಮ್ಮ ಹಾಗೆ ವರದಿ ಮಾಡುವವರು. ನಾವು 2022ರಲ್ಲಿ ಪಟ್ಟ ಪಾಡನ್ನೇ ಹೇಳಿಬಿಡುತ್ತೇವೆ.

2021ರ ಡಿಸೆಂಬರ್‌ನಲ್ಲಿ ಪೀಣ್ಯ ಫ್ಲೈಓವರ್ ಮುಚ್ಚಿದರು. ಕಂಬಗಳ ನಡುವಿನ ಭಾಗದಲ್ಲಿ ಕೇಬಲ್ ದೋಷ ಕಾಣಿಸಿಕೊಂಡಿತ್ತು. ಫೆಬ್ರುವರಿಯಲ್ಲಿ ಕಾರು, ಬೈಕುಗಳನ್ನು ಬಿಟ್ಟರು. ಲಾರಿ, ಬಸ್ಸುಗಳಿಗೆ ಮಾತ್ರ ಕೆಳಗಿನ ರಸ್ತೆಯೇ ಗತಿ. ಲಾರಿಗಳು ಮತ್ತೆ ಮೇಲೆ ಹತ್ತಿದ್ದು 2024ರ ಜುಲೈನಲ್ಲಿ. ಅಲ್ಲಿಯವರೆಗೆ ಗೊರಗುಂಟೆಪಾಳ್ಯದ ಜಂಕ್ಷನ್ ಹೇಗಿತ್ತು ಅಂತ ಆ ಹಾದಿಯಲ್ಲಿ ಬಂದವರಿಗೆ ಹೇಳಬೇಕಾಗಿಲ್ಲ. ನಮ್ಮೂರಿನ ಜನ ಬಸ್ಸಿಳಿದು ಲಾರಿಗಳ ಸಂದಿಯಲ್ಲಿ ಗಂಟು ಹೊತ್ತುಕೊಂಡು ರಸ್ತೆ ದಾಟುತ್ತಿದ್ದರು. ಇದರ ಮೇಲೆ ಒಂದು ಫೋಟೊ ವರದಿ ಮಾಡೋಣ ಅಂತ ಹೊರಟೆವು. ಬೆಳಗಿನ ಜಾವ ನಾಲ್ಕೂವರೆಯಿಂದ ಆರರವರೆಗೆ, ಐದು ದಿನ.

ಅಲ್ಲಿ ಟೀ ಗಾಡಿಯ ಹತ್ತಿರ ಒಬ್ಬ ಹಮಾಲಿ ಪರಿಚಯವಾದರು. ಯಾದಗಿರಿ ಕಡೆಯವರು, ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊರುತ್ತಿದ್ದರು. ಕೆಲಸಕ್ಕೆ ನಡೆದು ಹೋಗುವ ಮುಂಚೆ ಇಲ್ಲಿ ಒಂದು ಟೀ ಕುಡಿಯುವುದು ಅವರ ರೂಢಿ. ನಮ್ಮ ಕ್ಯಾಮೆರಾ ನೋಡಿ, "ಸರ, ನಂದೊಂದು ತಗೀರಿ. ನಮ್ಮ ಅವ್ವಗ ಕಳಿಸ್ಬೇಕ್ರಿ. ಬೆಂಗಳೂರಾಗ ಹ್ಯಾಂಗ ಅದಾನ ಅಂತ ಕೇಳ್ತಿರ್ತಾಳ" ಅಂದರು. ತೆಗೆದೆವು. ನಿಂತಿದ್ದು, ನಡೆದಿದ್ದು, ಟೀ ಕುಡಿದಿದ್ದು, ಒಟ್ಟು ಮೂವತ್ತು ನಲವತ್ತು.

ರೂಮಿಗೆ ಬಂದು ಲ್ಯಾಪ್‌ಟಾಪಿನಲ್ಲಿ ನೋಡಿದರೆ ಒಂದೂ ಸರಿಯಿಲ್ಲ. ನಡೆದವರೆಲ್ಲ ದೆವ್ವದ ಹಾಗೆ ಎಳೆದುಕೊಂಡು ಹೋಗಿದ್ದಾರೆ. ನಿಂತವರ ಮುಖದ ತುಂಬ ರವೆ ಚೆಲ್ಲಿದ ಹಾಗೆ ಚುಕ್ಕಿ. ಆ ಹಮಾಲಿಯ ಮುಖದಲ್ಲಿ ಕಣ್ಣು ಯಾವುದು, ಹುಬ್ಬು ಯಾವುದು ಗೊತ್ತಾಗುತ್ತಿರಲಿಲ್ಲ.

ಮರುದಿನ ಅವರು ಕೇಳಿದರು, "ಫೋಟೊ ಬಂತೇನ್ರಿ?" ನಾಳೆ ಕಳಿಸ್ತೀವಿ ಅಂದೆವು. ಮಾರನೇ ದಿನವೂ ಅದೇ ಮಾತು. ಆಮೇಲೆ ಅವರು ಟೀ ಕುಡಿಯುವ ಹೊತ್ತಿಗೆ ನಾವು ರಸ್ತೆಯ ಆಚೆ ಬದಿಗೆ ಹೋಗಿ ನಿಲ್ಲತೊಡಗಿದೆವು. ಸಾಲಗಾರರನ್ನು ತಪ್ಪಿಸಿಕೊಂಡು ತಿರುಗುವ ಹಾಗೆ. ಫೋಟೊ ತೆಗೆಸಿಕೊಳ್ಳುವವರು ನಮಗೆ ಏನೋ ಕೊಟ್ಟಿರುತ್ತಾರೆ, ಅದನ್ನು ವಾಪಸ್ ಕೊಡಬೇಕಾದ್ದು ನಾವು. ಅದು ತಿಳಿದಿದ್ದರಿಂದಲೇ ಆ ನಾಚಿಕೆ.

ಸರಿ, ಕ್ಯಾಮೆರಾ ಹಳೇದಾಯ್ತು ಅಂತ ತೀರ್ಮಾನ ಮಾಡಿದೆವು. ಎಲ್ಲರೂ ಮೊದಲು ಮಾಡುವುದು ಅದನ್ನೇ. ಯಾರಿಗೂ ಅನುಮಾನ ಬರಲಿಲ್ಲ. ಕ್ಯಾನನ್ 70ಡಿ ಬಾಡಿ ಒಂದು ಸೆಕೆಂಡ್ ಹ್ಯಾಂಡ್ ಸಿಗುತ್ತಿತ್ತು, 28,000 ರೂಪಾಯಿಗೆ. ನಮ್ಮ ಹತ್ತಿರ ಮದುವೆ, ನಾಮಕರಣ ಅಂತ ಮಾಡಿ ಉಳಿಸಿದ್ದ 8,000 ಇತ್ತು. ಉಳಿದ 20,000ಕ್ಕೆ ಸಿರಾದವಳ ಅಮ್ಮ ತಮ್ಮ ಸಂಘದಲ್ಲಿ ಸಾಲ ಎತ್ತಿಕೊಟ್ಟರು. ವಾರಕ್ಕೆ 440 ರೂಪಾಯಿ, 50 ವಾರ. ಅಂದರೆ ನಮಗೆ ತಲಾ 110. ಕೇಳಲು ಸಣ್ಣ ಮೊತ್ತ. ಆದರೆ ಸಂಘದ ಸಾಲ ನಿಮಗೂ ಗೊತ್ತು, ಒಂದು ವಾರ ತಪ್ಪಿದರೆ ಮಿಕ್ಕ ಹೆಂಗಸರೆಲ್ಲ ಕಾಯುತ್ತ ಕೂತಿರುತ್ತಾರೆ. ಮಾತು ಕೇಳಬೇಕಾದವರು ನಾವಲ್ಲ, ಆ ಅಮ್ಮ.

ದುಡ್ಡು ಕೈಗೆ ಬಂದ ಮೇಲೆ ಜಗಳ ಶುರುವಾಯಿತು.

ಕುಣಿಗಲ್‌ನವಳು ಎಲ್ಲೋ ಓದಿಕೊಂಡು ಬಂದಿದ್ದಳು. ಬಾಡಿ ಬೇಡ, ಲೆನ್ಸ್ ತಗೊಳ್ಳೋಣ ಅಂದಳು. ಅರಸೀಕೆರೆಯವನು ನಕ್ಕ. "ಎತ್ತು ಮುದಿಯಾಗಿದೆ ಅಂದ್ರೆ ನೀನು ಹೊಸ ನೇಗಿಲು ತರೋಣ ಅಂತೀಯಲ್ಲ." ಚೆನ್ನಾಗಿ ಹೇಳಿದ ಅಂತ ಎಲ್ಲರೂ ನಕ್ಕೆವು. ಆದರೆ ಅವನ ಹೋಲಿಕೆಯೇ ತಪ್ಪು ಅಂತ ಗೊತ್ತಾಗಲು ಒಂದು ವಾರ ಹಿಡಿಯಿತು.

ಯಶವಂತಪುರದಲ್ಲಿ ಒಂದು ಹಳೇ ಸ್ಟುಡಿಯೊ ಇದೆ. ಈಗ ಅಲ್ಲಿ ಪಾಸ್‌ಪೋರ್ಟ್ ಫೋಟೊ, ಲ್ಯಾಮಿನೇಷನ್, ಜೆರಾಕ್ಸ್ ಬಿಟ್ಟರೆ ಹೆಚ್ಚು ಕೆಲಸವಿಲ್ಲ. ಅದರ ಯಜಮಾನರು ರೀಲಿನ ಕಾಲದವರು. ನಾವು ನಮ್ಮ ಫೋಟೊಗಳನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋಗಿ, ಕ್ಯಾಮೆರಾ ಹಾಳಾಗಿದೆಯಾ ನೋಡಿ ಸರ್ ಅಂದೆವು. ಅವರು ಫೋಟೊ ನೋಡಲಿಲ್ಲ, ಫೋಟೊದ ಜೊತೆ ಕ್ಯಾಮೆರಾ ಬರೆದಿಟ್ಟುಕೊಂಡಿರುವ ಅಂಕಿಗಳನ್ನು ನೋಡಿದರು. ಐಎಸ್ಒ 3200, ಎಫ್ 5.6, 1/15 ಸೆಕೆಂಡ್.

"ಏನ್ರಪ್ಪ, ಸೆಕೆಂಡಿನ ಹದಿನೈದರಲ್ಲಿ ಒಂದು ಭಾಗ ಷಟರ್ ತೆಗ್ದಿಟ್ಟಿದೆ. ಅಷ್ಟು ಹೊತ್ತಲ್ಲಿ ನಡ್ಕೊಂಡು ಹೋಗೋನು ಹತ್ತಿರ ಹತ್ತಿರ ಅರ್ಧ ಗೇಣು ಹೋಗಿರ್ತಾನೆ. ಕ್ಯಾಮೆರಾ ಏನು ಮಾಡುತ್ತೆ? ಅದಕ್ಕೆ ಬೆಳಕು ಸಾಲ್ತಿಲ್ಲ ಅಷ್ಟೇ" ಅಂದರು. ಆಮೇಲೆ ಡ್ರಾಯರ್‌ನಿಂದ ಒಂದು ಪುಟ್ಟ ಲೆನ್ಸ್ ತೆಗೆದು ನಮ್ಮ ಕ್ಯಾಮೆರಾಕ್ಕೇ ಹಾಕಿ, ಅಂಗಡಿಯ ಲೈಟ್ ಆರಿಸಿ, ಬಾಗಿಲಲ್ಲಿ ನಿಂತಿದ್ದ ಹುಡುಗನನ್ನು ತೆಗೆದರು. ರಸ್ತೆಯ ಬೆಳಕು ಒಂದು ಕೆನ್ನೆಗೆ ಬಿದ್ದಿತ್ತು. ಹುಡುಗನ ಚಿಗುರು ಮೀಸೆ ಎಣಿಸಬಹುದಿತ್ತು.

ಅದು 50 ಎಂಎಂ, ಎಫ್ 1.8.

ಈ ಎಫ್ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ, ಯಾಕೆಂದರೆ ಅಂಗಡಿಯವರು ಇದನ್ನು ಹೇಳುವುದಿಲ್ಲ, ಮೆಗಾಪಿಕ್ಸೆಲ್ ಹೇಳುತ್ತಾರೆ. ಲೆನ್ಸಿನೊಳಗೆ ಬೆಳಕು ನುಗ್ಗುವ ಒಂದು ಕಿಂಡಿ ಇರುತ್ತದೆ. ಲೆನ್ಸಿನ ಎಂಎಂ ಅನ್ನು ಈ ಎಫ್ ಅಂಕಿಯಿಂದ ಭಾಗಿಸಿದರೆ ಆ ಕಿಂಡಿಯ ಅಗಲ ಸಿಗುತ್ತದೆ. ನಮ್ಮ ಹಳೇ ಲೆನ್ಸನ್ನು 50ಕ್ಕೆ ಜೂಮ್ ಮಾಡಿದರೆ ಅದರ ಎಫ್ 5.6ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. 50 ಭಾಗಿಸು 5.6, ಸುಮಾರು 9 ಮಿಲಿಮೀಟರ್. ಒಂದು ದಪ್ಪ ಕಡಲೆಕಾಳಿನಷ್ಟು. ಹೊಸ ಲೆನ್ಸಿನಲ್ಲಿ 50 ಭಾಗಿಸು 1.8, ಸುಮಾರು 28 ಮಿಲಿಮೀಟರ್. ಹತ್ತು ರೂಪಾಯಿ ನಾಣ್ಯಕ್ಕಿಂತ ಒಂದು ಕೂದಲೆಳೆ ಹೆಚ್ಚು. ಕಡಲೆಕಾಳಿನ ತೂತಿನಲ್ಲಿ ಬರುವ ಬೆಳಕಿಗೂ ನಾಣ್ಯದಗಲದ ತೂತಿನಲ್ಲಿ ಬರುವ ಬೆಳಕಿಗೂ ಒಂಬತ್ತು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ.

ಅಂದರೆ ಅದೇ ಕತ್ತಲೆ, ಅದೇ ಟೀ ಗಾಡಿ, ಅದೇ ಹಳೇ ಬಾಡಿ. 1/15 ಇದ್ದದ್ದು 1/125 ಆಗುತ್ತದೆ. ನಿಧಾನಕ್ಕೆ ನಡೆಯುವವರು ಅಲ್ಲಿಗೆ ನಿಲ್ಲುತ್ತಾರೆ.

70ಡಿ ತಗೊಂಡಿದ್ದರೆ? ಆಟೊಫೋಕಸ್ ಬಹಳ ಚೆನ್ನಾಗಿರುತ್ತಿತ್ತು. ನಮ್ಮದರಲ್ಲಿ ಫೋಕಸ್ ಬಿಂದು ಒಂಬತ್ತು, ಅದರಲ್ಲಿ ಹತ್ತೊಂಬತ್ತು. ನಮ್ಮದು ಸೆಕೆಂಡಿಗೆ ಮೂರು ಫೋಟೊ ಹೊಡೆದರೆ ಅದು ಏಳು ಹೊಡೆಯುತ್ತದೆ. ವಿಡಿಯೊದಲ್ಲಂತೂ ಹೋಲಿಕೆಯೇ ಇಲ್ಲ. ಆದರೆ ಒಳಗಿನ ಸೆನ್ಸರ್ ಅಳತೆ ಎರಡರಲ್ಲೂ ಹೆಚ್ಚೂ ಕಡಿಮೆ ಒಂದೇ. ನಮ್ಮ ಕಡಲೆಕಾಳು ಕಿಂಡಿಯ ಲೆನ್ಸನ್ನೇ ಅದಕ್ಕೂ ಹಾಕಬೇಕು. ಒಂಬತ್ತು ಪಟ್ಟು ಬೆಳಕು ಎಲ್ಲಿಂದ ಬರಬೇಕು? ಕೆರೆ ತೂಬು ಕಟ್ಟಿಕೊಂಡಿರುವಾಗ ಗದ್ದೆಗೆ ಹೊಸ ಬದು ಹಾಕಿಸಿದ ಹಾಗಾಗುತ್ತಿತ್ತು.

ಹಾಗಾದರೆ ಫ್ಲ್ಯಾಶ್ ಹಾಕಬಾರದಿತ್ತಾ ಅಂತ ಕೇಳಬಹುದು. ಹಾಕಿದ್ದೆವು. ಕ್ಯಾಮೆರಾದ ಪುಟ್ಟ ಫ್ಲ್ಯಾಶ್ ಕೆಲವು ಅಡಿ ದಾಟುವುದಿಲ್ಲ, ಹಿಂದಿನದೆಲ್ಲ ಕಪ್ಪು ಗೋಡೆಯಾಗುತ್ತದೆ. ಮೇಲಾಗಿ ಬೆಳಗಿನ ಜಾವ ಲಾರಿ ಡ್ರೈವರ್ ಮುಖಕ್ಕೆ ಫ್ಲ್ಯಾಶ್ ಹೊಡೆದರೆ ಅವರು ಏನಂತಾರೆ ಅನ್ನುವುದನ್ನು ಇಲ್ಲಿ ಬರೆಯುವಂತಿಲ್ಲ.

ಇನ್ನು ಮೆಗಾಪಿಕ್ಸೆಲ್ ಮಾತು. ನಮ್ಮ ಹಳೇದು 18, 70ಡಿ 20. ನಮ್ಮ ಫೋಟೊ ನೋಡುವವರು ನೀವು, ನೋಡುವುದು ಫೋನಿನಲ್ಲಿ. 1920ಕ್ಕೆ 1080 ಅನ್ನುವ ಫುಲ್ ಎಚ್‌ಡಿ ಪರದೆಯಲ್ಲಿ ಇರುವುದೇ ಸುಮಾರು ಎರಡು ಮೆಗಾಪಿಕ್ಸೆಲ್. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಅದು ಇನ್ನಷ್ಟು ಹಿಂಡಿ ಕಳಿಸುತ್ತದೆ. ಗೋಡೆಯಷ್ಟು ದೊಡ್ಡ ಫ್ಲೆಕ್ಸ್ ಮಾಡಿಸುವವರು ಬೇರೆ ಲೆಕ್ಕ ಹಾಕಲಿ, ನಮಗೆ 18 ಧಾರಾಳ.

ಕೊನೆಗೆ ಲೆನ್ಸ್ ಅಂತಲೇ ಆಯಿತು. ಹೊಸದೇ ತಗೊಂಡೆವು, 9,000. ಇನ್ನೊಂದು ಬ್ಯಾಟರಿ, ಒಂದು ಸಾಧಾರಣ ಟ್ರೈಪಾಡ್ ಸೇರಿ 12,000. ಉಳಿದ 16,000 ಸಿರಾದ ಅಮ್ಮನಿಗೆ ವಾಪಸ್ ಹಾಕಿದೆವು. ಅವರು ಅದನ್ನು ಸಂಘಕ್ಕೆ ಕಟ್ಟಲಿಲ್ಲ, ಎರಡು ಕುರಿಮರಿ ತಂದರು. ಅವರ ಪಾಲಿನ ಕಂತು ಅವರಿಗೆ, ನಮ್ಮ ನಾಲ್ಕು ಸಾವಿರದ ಕಂತು ನಮಗೆ. ವಾರಕ್ಕೆ ತಲಾ 110 ಇದ್ದದ್ದು 22 ಆಯಿತು.

ಹಬ್ಬಕ್ಕೆ ಊರಿಗೆ ಹೋದಾಗ ಆ ಅಮ್ಮ ಕ್ಯಾಮೆರಾ ನೋಡಿದರು. ಹಳೇ ಲೆನ್ಸ್ ಸ್ವಲ್ಪ ಉದ್ದ ಇತ್ತು, ತಿರುಗಿಸಿದರೆ ಮುಂದೆ ಬರುತ್ತಿತ್ತು, ನೋಡಲು ಒಂದು ಗತ್ತು. ಹೊಸದು ಬರೀ 160 ಗ್ರಾಂ, ಔಷಧಿ ಬಾಟಲಿ ಮುಚ್ಚಳದ ಹಾಗೆ. "ಅಲ್ರಪ್ಪಾ, ಸಾಲ ಮಾಡಿ ಇದ್ದಿದ್ದಕ್ಕಿಂತ ಚಿಕ್ಕದು ತಂದ್ರಾ?" ಅಂದರು. ನಮ್ಮ ಎಫ್, ಕಡಲೆಕಾಳು, ನಾಣ್ಯ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ ಕುರಿಮರಿ ತೋರಿಸಲು ಕರಕೊಂಡು ಹೋದರು.

ಅವರು ಹೇಳಿದ್ದು ತಮಾಷೆಯಾಗಿ ಕಂಡರೂ ಅದರಲ್ಲಿ ಹೊಟ್ಟೆಪಾಡಿನ ಮಾತಿದೆ. ಆ ವರ್ಷ ಒಂದು ಮದುವೆ ಆರ್ಡರ್ ನಮ್ಮ ಕೈತಪ್ಪಿತು. ಹುಡುಗಿಯ ಕಡೆಯವರು ಕ್ಯಾಮೆರಾ ನೋಡಿ, "ಇಷ್ಟೇನಾ? ಪಕ್ಕದೂರಿನವ್ರು ಎರಡು ಕೈಯಲ್ಲಿ ಹಿಡ್ಕೊಳ್ಳೋ ಅಂಥದ್ದು ತಂದಿದ್ರು" ಅಂದರು. ಮದುವೆಮನೆಯಲ್ಲಿ ಕ್ಯಾಮೆರಾವೂ ಒಂದು ಅಲಂಕಾರ. ಫೋಟೊ ಹೇಗೆ ಬರುತ್ತದೆ ಅನ್ನುವುದು ಮದುವೆ ಮುಗಿದ ಮೇಲಿನ ಮಾತು, ಕ್ಯಾಮೆರಾ ಹೇಗೆ ಕಾಣುತ್ತದೆ ಅನ್ನುವುದು ಆ ಹೊತ್ತಿನ ಮಾತು. ಮದುವೆ ದುಡಿಮೆಯನ್ನೇ ನಂಬಿ ಕ್ಯಾಮೆರಾ ತಗೊಳ್ಳುವವರು ಇದನ್ನೂ ಲೆಕ್ಕಕ್ಕೆ ಹಾಕಿಕೊಳ್ಳಿ. ನಾವು ಹಾಕಿಕೊಂಡಿರಲಿಲ್ಲ. ಅದೂ ಅಲ್ಲದೆ ಈಗ ಮದುವೆಯವರು ಫೋಟೊಗಿಂತ ವಿಡಿಯೊ ಹೆಚ್ಚು ಕೇಳುತ್ತಾರೆ. ಅಲ್ಲಿ 70ಡಿ ಬಾಡಿಯೇ ಗೆಲ್ಲುತ್ತಿತ್ತು ಅಂತ ಅರಸೀಕೆರೆಯವನು ಇವತ್ತಿಗೂ ಹೇಳುತ್ತಾನೆ. ಅವನು ಹೇಳುವುದು ನಿಜ.

ಲೆನ್ಸ್ ಬಂದ ಮೊದಲ ವಾರ ನಮ್ಮ ಫೋಟೊಗಳು ಮೊದಲಿಗಿಂತ ಕೆಟ್ಟವು. ಇದನ್ನು ಯಾರೂ ಹೇಳುವುದಿಲ್ಲ, ನಾವು ಹೇಳುತ್ತೇವೆ. ಕಿಂಡಿ ದೊಡ್ಡದಾದಷ್ಟೂ ಫೋಕಸ್ ಕೂರುವ ಜಾಗ ತೆಳುವಾಗುತ್ತದೆ. ಐದು ಅಡಿ ದೂರದಲ್ಲಿ ನಿಂತು ಎಫ್ 1.8ರಲ್ಲಿ ತೆಗೆದರೆ ಚೊಕ್ಕವಾಗಿ ಬರುವುದು ಮೂರ್ನಾಲ್ಕು ಬೆರಳಗಲ ಮಾತ್ರ. ಕಣ್ಣು ಬಂದರೆ ಕಿವಿ ಇಲ್ಲ. ಮೂಗಿಗೆ ಫೋಕಸ್ ಕೂತರೆ ಕಣ್ಣಿಗೆ ಮಂಜು. ಮಾತಾಡುತ್ತ ಒಂದು ಚೂರು ಮುಂದಕ್ಕೆ ಬಾಗಿದರೂ ಕೆಟ್ಟಿತು. ಒಂಬತ್ತು ಬಿಂದುಗಳಲ್ಲಿ ನಡುವಿನದನ್ನು ಮಾತ್ರ ಇಟ್ಟುಕೊಂಡು, ಅದನ್ನು ಕಣ್ಣಿನ ಮೇಲೆ ಕೂರಿಸಿ, ಉಸಿರು ಹಿಡಿದು ಒತ್ತುವುದನ್ನು ಕಲಿಯಲು ಸುಮಾರು ದಿನ ಬೇಕಾಯಿತು. ಆಮೇಲೆ ಎಫ್ 2.8ಕ್ಕೆ ಇಳಿಸಿಕೊಂಡರೆ ತಲೆನೋವು ಕಡಿಮೆ ಅಂತ ಗೊತ್ತಾಯಿತು. ಹಳೇ ಲೆನ್ಸಿನಲ್ಲಿ ಕೈ ನಡುಕ ತಡೆಯುವ ಐಎಸ್ ಇತ್ತು, ಇದರಲ್ಲಿ ಅದೂ ಇಲ್ಲ. ಐಎಸ್ ನಮ್ಮ ಕೈಯನ್ನು ಹಿಡಿಯುತ್ತದೆ, ಎದುರಿಗೆ ನಡೆಯುವವರ ಕಾಲನ್ನು ಹಿಡಿಯುವುದಿಲ್ಲ ಅನ್ನುವುದೂ ಆಗಲೇ ತಲೆಗೆ ಹೋಗಿದ್ದು.

ಇನ್ನೊಂದು ತೊಂದರೆ, ಜಾಗ. ಹೆಸರಾಂತ ಫ್ರೆಂಚ್ ಛಾಯಾಗ್ರಾಹಕ ಕಾರ್ಟಿಯೆ-ಬ್ರೆಸ್ಸಾನ್, 1948ರಲ್ಲಿ ಗಾಂಧೀಜಿಯ ಕೊನೆಯ ದಿನಗಳನ್ನು ತೆಗೆದವರು, ಬಹುಪಾಲು ಕೆಲಸವನ್ನು 50 ಎಂಎಂ ಒಂದರಲ್ಲೇ ಮಾಡಿದರು ಅಂತ ನಮ್ಮ ಕ್ಲಾಸಿನಲ್ಲಿ ಹೇಳಿದ್ದರು. ಅದನ್ನೇ ನಂಬಿಕೊಂಡು ನಾವೂ ಹೊರಟೆವು. ಆದರೆ ಅವರದು ರೀಲು, ನಮ್ಮ ಸೆನ್ಸರ್ ಅದಕ್ಕಿಂತ ಚಿಕ್ಕದು. ನಮ್ಮ ಕ್ಯಾನನ್‌ನಲ್ಲಿ 50 ಅನ್ನು 1.6ರಿಂದ ಗುಣಿಸಬೇಕು, ನೋಟ 80ರ ಹಾಗೆ ಬರುತ್ತದೆ. ಅವರ 50 ಬೇರೆ, ನಮ್ಮ 50 ಬೇರೆ. ಬಸ್ಸಿನ ಬಾಗಿಲಲ್ಲಿ ಇಳಿಯುವ ಒಂದು ಸಂಸಾರವನ್ನು ಇಡಿಯಾಗಿ ಹಿಡಿಯಬೇಕು ಅಂದರೆ ಹಿಂದೆ ಹಿಂದೆ ಹೋಗಿ ರಸ್ತೆ ಮಧ್ಯಕ್ಕೆ ಬಂದು ನಿಲ್ಲಬೇಕು. ಗೊರಗುಂಟೆಪಾಳ್ಯದಲ್ಲಿ ಹಾಗೆ ಹಿಂದಕ್ಕೆ ನಡೆಯುವುದು ಒಳ್ಳೆಯದಲ್ಲ. ಚಳ್ಳಕೆರೆಯವನನ್ನು ಒಮ್ಮೆ ಆಟೊದವರು ಕೂಗಿ ಉಳಿಸಿದರು.

ಈಗ ಆ ಹಮಾಲಿಯ ವಿಷಯಕ್ಕೆ ಬರುತ್ತೇವೆ.

ಲೆನ್ಸು ಕೈಗೆ ಒಗ್ಗಿದ ಮೇಲೆ ಧೈರ್ಯ ಮಾಡಿ ಟೀ ಗಾಡಿಯ ಹತ್ತಿರ ಹೋದೆವು. ಅವರು ಬೈಯಲಿಲ್ಲ. "ಎಲ್ಲಿ ಹೋಗಿದ್ರಿ, ಕಾಣಲೇ ಇಲ್ಲ" ಅಂದರು, ಅಷ್ಟೇ. ಇದಕ್ಕಿಂತ ಬೈದಿದ್ದರೇ ವಾಸಿ ಇತ್ತು. ಟೀ ಲೋಟ ಹಿಡಿದು ನಿಂತವರನ್ನು, ಗಾಡಿಯ ಬಲ್ಬಿನ ಬೆಳಕಿನಲ್ಲಿ, ಎಫ್ 1.8ರಲ್ಲಿ ತೆಗೆದೆವು. ಆ ದಿನ ನಮ್ಮ ಅದೃಷ್ಟ ಚೆನ್ನಾಗಿತ್ತು. ಕಣ್ಣು ಎರಡೂ ಚೊಕ್ಕ. ಗಡ್ಡದಲ್ಲಿ ಒಂದೆರಡು ಬಿಳಿ ಕೂದಲು, ಹೆಗಲ ಮೇಲಿನ ಟವೆಲಿನ ಎಳೆ, ಲೋಟದಿಂದ ಏಳುವ ಹಬೆ. ಹಿಂದೆ ಲಾರಿಗಳ ದೀಪಗಳೆಲ್ಲ ಕರಗಿ ದುಂಡುದುಂಡಗೆ ಬಂಗಾರದ ಬೊಟ್ಟುಗಳಾಗಿದ್ದವು. ಪುಸ್ತಕದಲ್ಲಿ ನೋಡಿದ ಫೋಟೊ ಹಾಗೆ ನಮಗೆ ಬಂದದ್ದು ಅದೇ ಮೊದಲು. ರೂಮಿನಲ್ಲಿ ನಾಲ್ವರೂ ಸರದಿಯ ಮೇಲೆ ನೋಡಿದೆವು. ಸ್ಟುಡಿಯೊ ಯಜಮಾನರಿಗೂ ತೋರಿಸಿದೆವು. ತಲೆ ಅಲ್ಲಾಡಿಸಿ, ಏಳಕ್ಕೆ ಹತ್ತು ಅಳತೆಯಲ್ಲಿ ಪ್ರಿಂಟ್ ಹಾಕಿಕೊಟ್ಟು, ದುಡ್ಡು ತಗೊಳ್ಳಲಿಲ್ಲ.

ಮರುದಿನ ಆ ಪ್ರಿಂಟ್ ಕೊಟ್ಟೆವು. ಅವರು ಬಲ್ಬಿನ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದರು. ನಮಗೆ ಒಳಗೊಳಗೇ ಹಿಗ್ಗು.

"ಚೊಲೊ ಬಂದೈತ್ರಿ. ಆದ್ರ ಇದ್ರಾಗ ಬೆಂಗಳೂರು ಎಲ್ಲೈತ್ರಿ?"

ನಮಗೆ ಅರ್ಥವಾಗಲಿಲ್ಲ.

"ಹಿಂದ ಏನೂ ಕಾಣವಲ್ದಲ್ರಿ. ಮೆಟ್ರೊ ಇಲ್ಲ, ಬ್ರಿಡ್ಜ್ ಇಲ್ಲ, ಲಾರಿ ಇಲ್ಲ. ಇಂಥಾದ್ದು ನಮ್ಮೂರ ಜಾತ್ರಿಯಾಗ ತಗೊಂಡಾನ ಅಂತಾಳ್ರಿ ನಮ್ಮವ್ವ."

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಿಂದಿನದನ್ನು ಹಾಗೆ ಕರಗಿಸುವುದಕ್ಕೆ ಜನ ಲಕ್ಷಗಟ್ಟಲೆ ಸುರಿದು ಲೆನ್ಸ್ ತಗೊಳ್ಳುತ್ತಾರೆ. ನಾವು ಅದನ್ನು ಒಂಬತ್ತು ಸಾವಿರದಲ್ಲಿ ಸಾಧಿಸಿ ಬೀಗುತ್ತಿದ್ದೆವು. ಅವರಿಗೆ ಬೇಕಾಗಿದ್ದದ್ದು ನಾವು ಕರಗಿಸಿದ ಆ ಊರು. ಮಗ ಎಲ್ಲಿದ್ದಾನೆ ಅಂತ ಅವ್ವ ಕೇಳಿದ್ದರು. ಮಗ ಹೇಗೆ ಕಾಣುತ್ತಾನೆ ಅನ್ನುವುದು ಹೆತ್ತವಳಿಗೆ ನಾವು ತೋರಿಸಬೇಕಾದ ವಿಷಯವಲ್ಲ.

ನಮ್ಮ ವರದಿಯ ಫೋಟೊಗಳನ್ನು ಮತ್ತೆ ತೆಗೆದು ನೋಡಿದೆವು. ಅಲ್ಲೂ ಅದೇ. ಮುಖಗಳು ಚೆನ್ನಾಗಿವೆ, ಆದರೆ ಯಾವ ಜಂಕ್ಷನ್ ಬಗ್ಗೆ ಬರೆಯಲು ಹೊರಟೆವೋ ಆ ಜಂಕ್ಷನ್ನೇ ಇಲ್ಲ. ಲಾರಿಯ ಚಕ್ರ ಎಷ್ಟು ಹತ್ತಿರ ಇತ್ತು, ಆ ಅಜ್ಜಿ ಎಷ್ಟು ಅಗಲದ ರಸ್ತೆ ದಾಟಬೇಕಿತ್ತು, ಏನೂ ಕಾಣುವುದಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ ಅವರ ಕಪ್ಪು-ಬಿಳುಪು ಚಿತ್ರಗಳನ್ನು ಆಮೇಲೆ ಮತ್ತೆ ನೋಡಿದಾಗ ಒಂದು ಗಮನಿಸಿದೆವು. ಅವರು ತೆಗೆದ ಸಾಮಾನ್ಯ ಜನರ ಎಷ್ಟೋ ಚಿತ್ರಗಳಲ್ಲಿ ಸುತ್ತಲಿನ ಗೋಡೆ, ಬೀದಿ, ಬಾಗಿಲೂ ಮಾತಾಡುತ್ತವೆ.

ಹಳೇ 18-55ನ್ನು ಮತ್ತೆ ಚೀಲದಿಂದ ತೆಗೆದೆವು. ಅದರ ಎಫ್ ಕೂಡ 18ರ ಕಡೆಗೆ ತಂದಾಗ 3.5ರವರೆಗೆ ಇಳಿಯುತ್ತದೆ, ನಾವು ಮೊದಲು ಯಾವಾಗಲೂ ಜೂಮ್ ಮಾಡಿಯೇ ತೆಗೆದು ಕೆಡಿಸಿಕೊಂಡಿದ್ದೆವು. ಹೊತ್ತನ್ನೂ ಬದಲಾಯಿಸಿದೆವು. ನಾಲ್ಕೂವರೆಯ ಬದಲು ಆರೂಕಾಲು. ಬೆಳಕಿಗೆ ದುಡ್ಡು ಕೊಡಬೇಕಾಗಿಲ್ಲ, ಕಾಯಬೇಕು. ಆದರೆ ಹಮಾಲಿಗಳು ಆ ಹೊತ್ತಿಗೆ ಯಾರ್ಡಿನಲ್ಲಿ ಇರುತ್ತಾರಲ್ಲ? ಅವರು ಒಂದು ಭಾನುವಾರ ನಮಗೋಸ್ಕರ ಬಂದರು. ತೊಳೆದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಮೆಟ್ರೊ ಕಂಬದ ಹತ್ತಿರ ನಿಂತರು, ತಲೆಯ ಮೇಲೆ ರೈಲು ಬರುವವರೆಗೆ ಕಾದೆವು. ಎಫ್ 8, ಎಲ್ಲವೂ ಚೊಕ್ಕ. ರೈಲು, ಫ್ಲೈಓವರ್, ಬೋರ್ಡು, ಹಿಂದೆ ನಿಂತ ಒಂದು ನಾಯಿ ಕೂಡ. ಫೋಟೊಗ್ರಫಿಯ ಲೆಕ್ಕದಲ್ಲಿ ಅದು ಸಾಧಾರಣ ಫೋಟೊ. ಅವರು ಅದನ್ನು ಅಲ್ಲೇ ನಿಂತು ಊರಿಗೆ ಕಳಿಸಿದರು.

ಎರಡೂ ಫೋಟೊಗಳನ್ನು ಇಟ್ಟುಕೊಂಡರಂತೆ. ಏಳಕ್ಕೆ ಹತ್ತರದನ್ನು ಹೆಂಡತಿ ಗೋಡೆಗೆ ಹಾಕಿದ್ದಾರೆ ಅಂತ ಆಮೇಲೆ ಹೇಳಿದರು.

ವರದಿಯೂ ಹಾಗೇ ಎರಡು ಲೆನ್ಸಿನಲ್ಲಿ ಮುಗಿಯಿತು. ಕತ್ತಲಲ್ಲಿ ಮುಖಕ್ಕೆ 50, ಬೆಳಕು ಹರಿದ ಮೇಲೆ ರಸ್ತೆಗೆ ಹಳೇದು. ಬಾಡಿ ಅದೇ 1200ಡಿ.

ತಗೊಳ್ಳುವವರಿಗೆ ನಾವು ಏಟು ತಿಂದು ಕಲಿತ ಕೆಲವು ಮಾತು ಹೇಳುತ್ತೇವೆ. ಸೆಕೆಂಡ್ ಹ್ಯಾಂಡ್ ಲೆನ್ಸ್ ನೋಡುವಾಗ ಫೋನಿನ ಟಾರ್ಚ್ ಒಂದು ಕಡೆಯಿಂದ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಸು, ಕೊಳ್ಳಬೇಡಿ. ಮಲೆನಾಡು, ಕರಾವಳಿ ಕಡೆಯಲ್ಲಿ ಬಳಸಿದ ಲೆನ್ಸಾದರೆ ಎರಡು ಸಲ ನೋಡಿ. ನಿಕಾನ್‌ನವರು 1959ರಿಂದ ಒಂದೇ ಬಗೆಯ ಎಫ್ ಮೌಂಟ್ ಇಟ್ಟುಕೊಂಡು ಬಂದರು, ಹಾಗಾಗಿ ಹಳೇ ಲೆನ್ಸ್ ಅಗ್ಗಕ್ಕೆ ಸಿಗುತ್ತವೆ. ಆದರೆ ಡಿ3000 ಸಾಲಿನ ಚಿಕ್ಕ ಬಾಡಿಗಳೊಳಗೆ ಫೋಕಸ್ ಮೋಟರ್ ಇಲ್ಲ. ಮೋಟರ್ ಇಲ್ಲದ ಹಳೇ ಲೆನ್ಸ್ ಅದಕ್ಕೆ ಕೂರುತ್ತದೆ, ತಾನೇ ಫೋಕಸ್ ಮಾಡುವುದಿಲ್ಲ, ಕೈಯಲ್ಲಿ ತಿರುಗಿಸಬೇಕು. ಕ್ಯಾನನ್‌ನವರು 2018ರಲ್ಲಿ ಆರ್‌ಎಫ್ ಅಂತ ಹೊಸ ಮೌಂಟ್ ತಂದಿದ್ದಾರೆ. ನಮ್ಮಂಥ ಹಳೇ ಇಎಫ್ ಲೆನ್ಸುಗಳನ್ನು ಅದಕ್ಕೆ ಅಡಾಪ್ಟರ್ ಇಟ್ಟು ಹಾಕಬಹುದು. ಬಾಡಿ ಹೋದರೂ ಲೆನ್ಸ್ ಉಳಿಯುತ್ತದೆ ಅನ್ನುವುದು ಇದಕ್ಕೇ. ಇನ್ನು ಹಕ್ಕಿ ತೆಗೆಯುವವರು ಈ 50ರ ತಂಟೆಗೇ ಬರಬೇಡಿ, ನಿಮಗೆ ಬೇಕಾದ್ದು ಉದ್ದದ ಲೆನ್ಸು, ಅದರ ಖರ್ಚೇ ಬೇರೆ.

ಕ್ಯಾಮೆರಾನೇ ಬೇಡ, ಫೋನ್ ಸಾಕು ಅನ್ನುವವರು ಮೊದಲು ಫೋನಿನ ಲೆನ್ಸನ್ನು ಪಂಚೆಯ ಚುಂಗಿನಿಂದ ಒರೆಸಿ. ನಗಬೇಡಿ. ನಿಮ್ಮಲ್ಲಿ ಹಲವರು ಕಳಿಸುವ ಫೋಟೊಗಳಲ್ಲಿ ಕಾಣುವ ಮಂಜು ಬೆರಳಿನ ಎಣ್ಣೆಯದು.

ಸಂಘದ 50 ವಾರ ಮುಗಿದು ಬಹಳ ದಿನವಾಯಿತು. ಎರಡು ಕುರಿ ಈಗ ಏಳಾಗಿವೆ. "ನಿಮ್ಮ ಲೆನ್ಸು ಎಷ್ಟು ಮರಿ ಹಾಕ್ತು?" ಅಂತ ಸಿರಾದ ಅಮ್ಮ ಪ್ರತಿ ಸಲ ಕೇಳುತ್ತಾರೆ.

ಹೋದ ತಿಂಗಳು 1200ಡಿ ಷಟರ್ ಎರಡು ಸಲ ನಿಂತುಹೋಯಿತು. ಒತ್ತಿದರೆ ಟಕ್ ಅನ್ನುತ್ತದೆ, ಪರದೆಯ ಮೇಲೆ ಎರರ್ ಬರುತ್ತದೆ, ಬ್ಯಾಟರಿ ತೆಗೆದು ಹಾಕಿದರೆ ಮತ್ತೆ ಕೆಲಸ ಮಾಡುತ್ತದೆ. ಸ್ಟುಡಿಯೊ ಯಜಮಾನರು ಕಿವಿ ಹತ್ತಿರ ಇಟ್ಟುಕೊಂಡು ಕೇಳಿ, "ಇನ್ನು ಸ್ವಲ್ಪ ದಿನ ಅಷ್ಟೇ ಕಣ್ರಪ್ಪ" ಅಂದರು. ಈ ಸಲ ಬಾಡಿಯೇ ಬೇಕು, ಅದರಲ್ಲಿ ಜಗಳವಿಲ್ಲ. ಅರಸೀಕೆರೆಯವನ ಮುಖ ನೋಡಬೇಕಿತ್ತು ನೀವು. ಅಮ್ಮನಿಗೆ ಫೋನ್ ಮಾಡಿ ವಿಷಯ ಹೇಳಿದೆವು.

"ಈ ಸಲನಾದ್ರೂ ದೊಡ್ಡದು ತಗೊಳ್ರಪ್ಪ" ಅಂದರು. ದುಡ್ಡಿನ ಮಾತು ಎತ್ತುವ ಮೊದಲೇ, ಕುರಿ ಮಾರೋಕೆ ಇನ್ನೂ ಸಮಯ ಇದೆ ಅಂತಲೂ ಹೇಳಿದರು.